ಮೂರನೇ ರೂಪದ ವಿಚಾರ

ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಆಫೀಸುಗಳಲ್ಲಿ ಬೆಳಗಿನ ಹತ್ತು ಗಂಟೆಯ ಹೊತ್ತಿಗೆ ಒಂದು ಚಿಕ್ಕ ಸಭೆ ನಡೆಯುತ್ತದೆ. ಸ್ಟ್ಯಾಂಡಪ್ ಎಂದು ಅದರ ಹೆಸರು. ನಿನ್ನೆ ಏನು ಮುಗಿಯಿತು, ಇವತ್ತು ಏನು ಮಾಡುತ್ತೇನೆ, ಎಲ್ಲಿ ತೊಡಕಾಗಿದೆ, ಇಷ್ಟನ್ನು ಒಬ್ಬೊಬ್ಬರೂ ಒಂದೆರಡು ನಿಮಿಷದಲ್ಲಿ ಹೇಳಬೇಕು. ಇಂಗ್ಲಿಷಿನಲ್ಲಿಯೇ ಹೇಳಬೇಕು. ಫೈಲು ಹೋಗಿದೆ, ಕೋಡು ಬರೆದಾಗಿದೆ, ಬಿಲ್ಡ್ ಕೆಟ್ಟಿದೆ, ಸರ್ವರ್ ಕೆಳಗೆ ಬಿದ್ದಿದೆ. ಹೀಗೆ ನಿನ್ನೆ ಆದದ್ದನ್ನು ಇವತ್ತಿನ ಲೆಕ್ಕಕ್ಕೆ ತಂದು ನಿಲ್ಲಿಸುವ ಮಾತಿಗೆಲ್ಲ ಇಂಗ್ಲಿಷಿನಲ್ಲಿ ಬೇಕಾಗುವುದು ಕ್ರಿಯಾಪದದ ಮೂರನೇ ರೂಪ, ನಮ್ಮ ಹೈಸ್ಕೂಲು ಮಕ್ಕಳು 'ವಿ ತ್ರೀ' ಎಂದು ಕರೆಯುವ ಪಾಸ್ಟ್ ಪಾರ್ಟಿಸಿಪಲ್. ಕಥೆ ಹೇಳುವವನಿಗೆ ಎರಡನೇ ರೂಪ ಸಾಕು. ಕೆಲಸದ ವರದಿ ಒಪ್ಪಿಸುವವನಿಗೆ ಮೂರನೆಯದು ಇಲ್ಲದೆ ದಿನವೇ ಶುರುವಾಗುವುದಿಲ್ಲ.

ನಾನು ಕೋಲಾರ ಜಿಲ್ಲೆಯ ಹೈಸ್ಕೂಲುಗಳಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತನಾದವನು. ಈಗ ಹಗದೂರಿನ ಕಡೆ ಮಗಳ ಮನೆಯಲ್ಲಿದ್ದೇನೆ. ಭಾನುವಾರ ಬೆಳಿಗ್ಗೆ ಅಪಾರ್ಟ್‌ಮೆಂಟಿನ ಕೆಳಗಿನ ಕೋಣೆಯಲ್ಲಿ ಕೆಲವರು ಸೇರುತ್ತಾರೆ. ಮಾಲೂರು, ಟೇಕಲ್, ಬಂಗಾರಪೇಟೆ ಕಡೆಯಿಂದ ರೈಲಿನಲ್ಲಿ ಬಂದು, ವೈಟ್‌ಫೀಲ್ಡ್ ಸ್ಟೇಷನ್ನಿನಲ್ಲಿ ಇಳಿದು, ಪಕ್ಕದಲ್ಲೇ ಮೆಟ್ರೋ ಹತ್ತಿ ಪಟ್ಟಂದೂರು ಅಗ್ರಹಾರಕ್ಕೋ ಹೂಡಿಗೋ ಕೆಲಸಕ್ಕೆ ಹೋಗುವ ಹುಡುಗ ಹುಡುಗಿಯರು, ನಮ್ಮದೇ ಗೇಟಿನ ಸೆಕ್ಯುರಿಟಿಯವರು, ಹೌಸ್‌ಕೀಪಿಂಗಿನ ಇಬ್ಬರು ಹೆಣ್ಣುಮಕ್ಕಳು. ಎಲ್ಲರೂ ಕನ್ನಡ ಮಾಧ್ಯಮದವರೇ. ಅವರಲ್ಲಿ ಒಬ್ಬಳು ಸಾಫ್ಟ್‌ವೇರಿನ ದೋಷ ಹುಡುಕುವ ಕೆಲಸದಲ್ಲಿದ್ದಾಳೆ. ಒಂದು ದಿನ ಸ್ಟ್ಯಾಂಡಪ್ಪಿನಲ್ಲಿ 'ದಿ ಸರ್ವರ್ ಹ್ಯಾಸ್ ವೆಂಟ್ ಡೌನ್' ಎಂದಳಂತೆ. ಯಾರೋ ನಕ್ಕರು. ಇನ್ನೊಬ್ಬರು ಅವಳ ಮಾತನ್ನೇ ಮತ್ತೆ ಹೇಳಿ ನಗಿಸಿದರು. ಸರ್ವರ್ ಬಿದ್ದಿದ್ದು ನಿಜ. ಯಾಕೆ ಬಿತ್ತು ಎನ್ನುವುದನ್ನು ಆ ಕೋಣೆಯಲ್ಲಿ ಕಂಡುಹಿಡಿದಿದ್ದವಳು ಅವಳೊಬ್ಬಳೇ. ಆ ಮೇಲೆ ಆಕೆ ಸಭೆಯಲ್ಲಿ 'ನೋ ಅಪ್‌ಡೇಟ್' ಎಂದಷ್ಟೇ ಹೇಳಿ ಸುಮ್ಮನಾಗತೊಡಗಿದಳು. ಕೆಲಸ ಮಾಡಿದವಳು ಮಾಡಿಲ್ಲ ಎಂದು ಹೇಳಿಕೊಳ್ಳುವ ಸ್ಥಿತಿ ಅದು. ಒಂದು ರೂಪದ ಅಂಜಿಕೆಯಿಂದ ಅವಳ ದುಡಿಮೆ ಬೇರೆಯವರ ಲೆಕ್ಕಕ್ಕೆ ಸೇರಿಹೋಗುತ್ತಿತ್ತು. ಅದನ್ನು ಕೇಳಿದ ದಿನ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಹ್ಯಾಸ್ ವೆಂಟ್, ಹ್ಯಾವ್ ಕೇಮ್, ಹ್ಯಾವ್ ಏಟ್, ಹ್ಯಾಸ್ ಫೆಲ್. ಇವನ್ನು ಅಜಾಗರೂಕತೆ ಎಂದೋ ಓದಿನ ಕೊರತೆ ಎಂದೋ ತಳ್ಳಿಹಾಕುವವರು ಒಮ್ಮೆ ಕನ್ನಡದ ಕ್ರಿಯಾಪದಗಳನ್ನು ಬಿಡಿಸಿ ನೋಡಬೇಕು. ತಿಂದ, ತಿಂದಿದ್ದಾನೆ. ಕೊಟ್ಟ, ಕೊಟ್ಟಿದ್ದಾನೆ. ಬಿದ್ದ, ಬಿದ್ದಿದ್ದಾನೆ. ಬಂದ, ಬಂದಿದ್ದಾನೆ. ಭೂತಕಾಲಕ್ಕೆ ಯಾವ ಅಂಗವೋ 'ಇದ್ದಾನೆ' ಸೇರಿದಾಗಲೂ ಅದೇ ಅಂಗ. 'ಬಂದು ಇದ್ದಾನೆ' ಎನ್ನುವುದೇ ಕೂಡಿ 'ಬಂದಿದ್ದಾನೆ' ಆಗಿದೆ. ಕನ್ನಡದಲ್ಲಿ ಹೀಗೆ ಆಡಿಕೊಂಡು ಬೆಳೆದ ಮಗು ಇಂಗ್ಲಿಷಿಗೆ ಬಂದಾಗ, ಬಂದ ಎನ್ನುವುದಕ್ಕೆ ಕೇಮ್ ಎಂದು ಕಲಿತಿದೆ. ಬಂದಿದ್ದಾನೆ ಎನ್ನಬೇಕಾದರೆ ಅದೇ ಕೇಮ್‌ಗೆ ಹ್ಯಾಸ್ ಸೇರಿಸುತ್ತದೆ. ಅದರ ತರ್ಕದಲ್ಲಿ ಲೋಪವಿಲ್ಲ. ತನ್ನ ಭಾಷೆಯ ನಿಯಮವನ್ನು ಪಾಲಿಸಿಯೇ ಅದು ಆ ವಾಕ್ಯ ಕಟ್ಟಿದೆ.

ಆದರೆ ಇದೇ ಕನ್ನಡದಲ್ಲಿ ಎರಡು ಧಾತುಗಳು ಈ ದಾರಿಯಲ್ಲಿ ನಡೆಯುವುದಿಲ್ಲ. ಹೋಗು ಎನ್ನುವುದನ್ನು ತೆಗೆದುಕೊಳ್ಳಿ. ನಿನ್ನೆ ಹೋದ ಎನ್ನುತ್ತೇವೆ. ಊರಿಗೆ ಹೋಗಿದ್ದಾನೆ ಎನ್ನುತ್ತೇವೆ. 'ಊರಿಗೆ ಹೋದಿದ್ದಾನೆ' ಎಂದು ಯಾರೂ ಹೇಳುವುದಿಲ್ಲ. ಭಾನುವಾರದ ತರಗತಿಯಲ್ಲಿ ಆ ಹುಡುಗಿಯ ಎದುರಿಗೇ ಇದನ್ನು ಕೇಳಿದೆ: 'ಅವನು ಹೋದಿದ್ದಾನೆ ಅಂತ ಯಾರಾದರೂ ಅಂದರೆ ಹೇಗೆ ಕೇಳಿಸುತ್ತೆ?' ಮುಖ ಹುಳ್ಳಗೆ ಮಾಡಿ, 'ಅಯ್ಯೋ, ಕನ್ನಡ ಬಾರದವರು ಮಾತಾಡಿದ ಹಾಗಿರುತ್ತೆ ಸಾರ್' ಎಂದಳು. ಹ್ಯಾಸ್ ವೆಂಟ್ ಇಂಗ್ಲಿಷಿನ ಕಿವಿಗೆ ಕೇಳುವುದು ಸರಿಯಾಗಿ ಹಾಗೇ. ಹೋಗು, ಹೋದ, ಹೋಗಿ. ಗೋ, ವೆಂಟ್, ಗಾನ್. ಎರಡೂ ಭಾಷೆಗಳಲ್ಲಿ ನಡುವಿನದು ದೂರ ಸರಿದಿದೆ, ಮೂರನೆಯದು ಮೊದಲನೆಯದರ ಮುಖವನ್ನೇ ಹೊತ್ತಿದೆ. ಕೋಷ್ಟಕವನ್ನು ಹಾಡಿಸಿ ಹಾಡಿಸಿ ಬಾರದ ಗಾನ್ ಆ ಒಂದು ಹೋಲಿಕೆಯಿಂದ ಅವಳ ಬಾಯಿಗೆ ಬಂತು. ಪುಸ್ತಕದ ನಿಯಮ ಕಂಠಪಾಠವಾಗಿತ್ತು, ಕಿವಿಗೆ ಒಪ್ಪಿರಲಿಲ್ಲ. ಅದು ಒಪ್ಪಿದ್ದು ಕನ್ನಡದ ಸಾಕ್ಷಿ ಸಿಕ್ಕ ಮೇಲೆ.

ಇನ್ನೊಂದು ತೊಡಕು ನಾವು ದಿನವೂ ಆಡುವ ಬೆರಕೆ ಮಾತಿನಿಂದ ಬಂದದ್ದು. ಮೇಲ್ ಸೆಂಡ್ ಆಗಿದೆ. ಬಿಲ್ಡ್ ಬ್ರೇಕ್ ಆಗಿದೆ. ಡಾಕ್ಯುಮೆಂಟ್ ರೈಟ್ ಮಾಡಿದ್ದೀನಿ. ಕನ್ನಡ ಇಂಗ್ಲಿಷ್ ಕ್ರಿಯಾಪದವನ್ನು ಎರವಲು ತರುವಾಗ ಸಾಮಾನ್ಯವಾಗಿ ಬರಿಯ ಧಾತುವನ್ನಷ್ಟೇ ತರುತ್ತದೆ. ಕಾಲ, ಕರ್ತೃ, ಆಗಿದೆಯೋ ಆಗಬೇಕೋ, ಈ ಭಾರವನ್ನೆಲ್ಲ ನಮ್ಮ ಆಗು, ಮಾಡು ಹೊರುತ್ತವೆ. ಎಷ್ಟು ಸೊಗಸಾದ ಏರ್ಪಾಡು! ಯಾವ ಭಾಷೆಯ ಯಾವ ಧಾತು ಬಂದರೂ ಕನ್ನಡ ತನ್ನ ವ್ಯಾಕರಣದೊಳಗೆ ಕೂರಿಸಿಕೊಳ್ಳುತ್ತದೆ. ಆದರೆ ಹಗಲೆಲ್ಲ 'ಸೆಂಡ್ ಆಗಿದೆ' ಎಂದು ಆಡಿದ ನಾಲಿಗೆ ಇಂಗ್ಲಿಷ್ ಮೇಲ್ ಬರೆಯಲು ಕೂತಾಗ 'ಹ್ಯಾಸ್ ಬೀನ್ ಸೆಂಡ್' ಎಂದೇ ಬರೆಯುತ್ತದೆ. ಆಗಿದೆ ಎನ್ನುವುದರ ಕೆಲಸವನ್ನು ಹ್ಯಾಸ್ ಬೀನ್ ಮಾಡುತ್ತಿದೆ, ಇನ್ನು ಸೆಂಡ್ ಯಾಕೆ ಸೆಂಟ್ ಆಗಬೇಕು ಎಂದು ಅದಕ್ಕೆ ಅನಿಸುತ್ತದೆ. ಇಂಗ್ಲಿಷ್ ಮಾತ್ರ ಆ ಭಾರವನ್ನು ಎರಡು ಕಡೆ ಹಂಚಿ ಇಟ್ಟಿದೆ.

ಕಂಪ್ಯೂಟರೂ ಒಮ್ಮೊಮ್ಮೆ ತಪ್ಪು ದಾರಿ ತೋರಿಸುತ್ತದೆ. ಲಾಗಿನ್ ಪುಟಗಳಲ್ಲಿ ಖಾಲಿ ಚೌಕದ ಕೆಳಗೆ ಸಣ್ಣ ಅಕ್ಷರದಲ್ಲಿ 'ಫರ್ಗಾಟ್ ಪಾಸ್‌ವರ್ಡ್?' ಎಂದಿರುತ್ತದೆ. ಅದು ಎರಡನೇ ರೂಪ, 'ಮರೆತಿರಾ?' ಎನ್ನುವ ಅರೆಬರೆ ಪ್ರಶ್ನೆ. ಅದನ್ನು ಬೆಳಿಗ್ಗೆ ಎದ್ದು ನೋಡಿ ನೋಡಿ 'ಐ ಹ್ಯಾವ್ ಫರ್ಗಾಟ್' ಎಂದು ರೂಢಿಯಾಗಿಬಿಟ್ಟಿದೆ. ಫರ್ಗಾಟನ್ ಕಣ್ಣಿಗೆ ಬೀಳುವುದೇ ಅಪರೂಪ.

ಹಾಗೆಂದು ಮೂರನೇ ರೂಪ ನಮ್ಮವರಿಗೆ ಪರಕೀಯವೇನಲ್ಲ. ವೈಟ್‌ಫೀಲ್ಡಿನ ಮುಖ್ಯರಸ್ತೆಯಲ್ಲಿ ಹೋಪ್‌ಫಾರ್ಮಿನಿಂದ ಒಂದಷ್ಟು ದೂರ ನಡೆದರೆ ಸಾಕು. ಲೈಟು ಕಂಬಕ್ಕೆ ಕಟ್ಟಿದ ಹಲಗೆಯಲ್ಲಿ ಸ್ಪೋಕನ್ ಇಂಗ್ಲಿಷ್. ಅಂಗಡಿಯ ಫ್ರಿಜ್ಜಿನಲ್ಲಿ ಫ್ರೋಜನ್ ಬಟಾಣಿ. ಕೆಲಸಕ್ಕೆ ಕರೆದವರು ಮೊದಲು ಕೊಡುವುದು ರಿಟನ್ ಟೆಸ್ಟ್. ಪಾಸ್‌ಪೋರ್ಟ್ ಅರ್ಜಿಯಲ್ಲಿ ಗಿವನ್ ನೇಮ್. ಫೋನಿನಲ್ಲಿ ಅನ್‌ನೋನ್ ನಂಬರ್. ವಾಟ್ಸಾಪಿನಲ್ಲಿ ಲಾಸ್ಟ್ ಸೀನ್. ಬ್ಯಾಂಕಿನವರ ಹಿಡನ್ ಚಾರ್ಜು. ಟಿನ್ ಫ್ಯಾಕ್ಟರಿಯ ಹತ್ತಿರ ಬಸ್ಸು ನಿಂತುಬಿಟ್ಟರೆ ಕಾಲೇಜು ಕಂಡವರೂ ಕಾಣದವರೂ ಒಂದೇ ಮಾತು ಹೇಳುತ್ತಾರೆ, 'ಸ್ಟಕ್ ಆಗಿದ್ದೀನಿ'. ಸ್ಟಿಕ್ ಆಗಿದ್ದೀನಿ ಎಂದು ಇದುವರೆಗೆ ಯಾರ ಬಾಯಲ್ಲೂ ಕೇಳಿಲ್ಲ. ಸ್ಪೀಕ್, ಫ್ರೀಜ್, ರೈಟ್, ಗಿವ್, ನೋ, ಸೀ, ಹೈಡ್, ಸ್ಟಿಕ್. ಇವುಗಳ ಮೂರನೇ ರೂಪ ಎಲ್ಲರಿಗೂ ಬರುತ್ತದೆ, ಅದು ಮೂರನೇ ರೂಪವೆಂದು ಯಾರೂ ಹೇಳಿಕೊಟ್ಟಿಲ್ಲ ಅಷ್ಟೆ. ಸಾಫ್ಟ್‌ವೇರಿನ ಹುಡುಗರ ಬಳಿ ಇನ್ನೂ ಇವೆ: ಬ್ರೋಕನ್ ಲಿಂಕ್, ನೋನ್ ಇಶ್ಯೂ, ಓವರ್‌ರಿಡನ್ ಮೆಥಡ್. ಬಿಡಿಯಾಗಿ ಕೇಳಿದರೆ ತಡವರಿಸುವವರು ಇವನ್ನು ಹೆಸರಿನ ಮುಂದೆ ಸಲೀಸಾಗಿ ಇಡುತ್ತಾರೆ.

ಇದಕ್ಕೂ ಕನ್ನಡವೇ ಕಾರಣ ಎಂದು ನನ್ನ ನಂಬಿಕೆ. ಕ್ರಿಯಾಪದವನ್ನು ನಾಮಪದದ ಮುಂದೆ ವಿಶೇಷಣವಾಗಿ ನಿಲ್ಲಿಸುವುದು ನಮಗೆ ನೀರು ಕುಡಿದಷ್ಟು ಸುಲಭ. ಬಂದ ನೆಂಟರು, ಮುರಿದ ಕುರ್ಚಿ, ಕದ್ದ ಮಾಲು, ಹೆತ್ತ ತಾಯಿ, ಸತ್ತ ಹಾವು, ಬಿದ್ದ ಮನೆ. ಇದನ್ನೇ ವ್ಯಾಕರಣದವರು ಕೃದಂತ ಎನ್ನುತ್ತಾರೆ. ಬೆಂಗಳೂರಿನ ಹೆಸರಿನ ಜನಪ್ರಿಯ ಕಥೆಯೂ ಒಂದು ಕೃದಂತದ ಮೇಲೆ ನಿಂತಿದೆ. ದಾರಿ ತಪ್ಪಿದ ಬಲ್ಲಾಳ ದೊರೆಗೆ ಮುದುಕಿಯೊಬ್ಬಳು ಬೇಯಿಸಿದ ಕಾಳು ಕೊಟ್ಟಳಂತೆ, ಆದ್ದರಿಂದ ಬೆಂದಕಾಳೂರು. ಸುಮಾರು ಕ್ರಿ.ಶ. 890ರ ಬೇಗೂರಿನ ಶಾಸನದಲ್ಲೇ ಬೆಂಗಳೂರಿನ ಹೆಸರು ಇರುವುದರಿಂದ ಕಥೆ ಚರಿತ್ರೆಯಾಗಿ ನಿಲ್ಲುವುದಿಲ್ಲ. ಕಟ್ಟಿದವರು ಮಾತ್ರ ಬೇಯು ಎನ್ನುವುದನ್ನು 'ಬೇಯಿದ' ಮಾಡಲಿಲ್ಲ, ಬೆಂದ ಎಂದೇ ಕಟ್ಟಿದರು. ಬೇಯು, ಬೆಂದ. ನೋಯು, ನೊಂದ. ಅನಿಯಮಿತ ರೂಪವೆಂದರೆ ಹೆದರುವ ನಮ್ಮ ಮಕ್ಕಳು ಅವುಗಳ ನಡುವೆಯೇ ಬೆಳೆದವರು.

ಎಷ್ಟೊಂದು ಇವೆ ನೋಡಿ! ನಗು, ನಕ್ಕ. ಅಳು, ಅತ್ತ. ಏಳು, ಎದ್ದ. ಬೀಳು, ಬಿದ್ದ. ನಿಲ್ಲು, ನಿಂತ. ಕೊಲ್ಲು, ಕೊಂದ. ಗೆಲ್ಲು, ಗೆದ್ದ. ನಿಲ್ಲು, ಕೊಲ್ಲು, ಗೆಲ್ಲು ಪ್ರಾಸದಲ್ಲಿ ಒಂದೇ, ಭೂತಕಾಲದಲ್ಲಿ ಮೂರು ದಾರಿ. ಹೇಳು ಹೇಳಿದ ಆದರೆ ಏಳು ಏಳಿದ ಆಗುವುದಿಲ್ಲ. ಮೊಮ್ಮಗಳು ಮಾತು ಕಲಿಯುವಾಗ 'ತಾತಾ, ನಾನು ಬೀಳಿದೆ' ಎನ್ನುತ್ತಿದ್ದಳು. ಇಂಗ್ಲಿಷ್ ತಾಯ್ನುಡಿಯ ಮಕ್ಕಳೂ ಅದೇ ವಯಸ್ಸಿನಲ್ಲಿ ಗೋಡ್, ಈಟೆಡ್ ಎನ್ನುತ್ತಾರೆ. ನಿಯಮ ಕೈಗೆ ಸಿಕ್ಕ ಮಗು ಅದನ್ನು ಎಲ್ಲ ಕಡೆ ಹಚ್ಚಿ ನೋಡುತ್ತದೆ. ದಿನವೂ ಬಿದ್ದೆ, ಬಿದ್ದೆ ಎಂದು ಕೇಳಿ ಕೇಳಿ ತಾನೇ ತಿದ್ದಿಕೊಳ್ಳುತ್ತದೆ. ಅದನ್ನು ನೋಡಿ ನಾವು ಮುದ್ದಿನಿಂದ ನಗುತ್ತೇವೆ. ಇಪ್ಪತ್ತನಾಲ್ಕರ ಹುಡುಗಿ ಎರಡನೇ ಭಾಷೆಯಲ್ಲಿ ಅದೇ ಹಾದಿಯಲ್ಲಿ ನಡೆದರೆ ನಗು ಬೇರೆಯಾಗುತ್ತದೆ.

ಈ ವಕ್ರಗತಿಯ ಚರಿತ್ರೆ ತಿಳಿದ ಮೇಲೆ ನನಗೆ ಆ ರೂಪಗಳ ಮೇಲೆ ಪ್ರೀತಿಯೇ ಹುಟ್ಟಿತು. ಸಿಂಗ್, ಸ್ಯಾಂಗ್, ಸಂಗ್ ಎಂದು ಒಳಗಿನ ಸ್ವರ ಬದಲಿಸಿ ಕಾಲ ತೋರಿಸುವುದು ಇಂಗ್ಲಿಷಿನ ಹಳೆಯ ಪದ್ಧತಿ. ಜರ್ಮನಿಯ ಯಾಕೋಬ್ ಗ್ರಿಮ್ ಇವನ್ನು ಬಲಿಷ್ಠ ಕ್ರಿಯಾಪದಗಳೆಂದು ಕರೆದ. ಕೊನೆಗೆ ಇಡಿ ಅಂಟಿಸಿಕೊಳ್ಳುವವು ಆತನ ಮಾತಿನಲ್ಲಿ ದುರ್ಬಲ. ಹೆಲ್ಪ್ ಕೂಡ ಒಂದು ಕಾಲದಲ್ಲಿ ಬಲಿಷ್ಠವಾಗಿತ್ತು: ಹೆಲ್ಪ್, ಹೋಲ್ಪ್, ಹೋಲ್ಪನ್. 1611ರ ಇಂಗ್ಲಿಷ್ ಬೈಬಲಿನಲ್ಲಿ ಹೋಲ್ಪನ್ ಇನ್ನೂ ಇದೆ. ಈಗ ಹೆಲ್ಪ್ಡ್. 2007ರಲ್ಲಿ ಹಾರ್ವರ್ಡಿನ ಸಂಶೋಧಕರು ನೇಚರ್ ಪತ್ರಿಕೆಯಲ್ಲಿ ಇದರ ಲೆಕ್ಕ ಕೊಟ್ಟರು. ಹಳೆಯ ಇಂಗ್ಲಿಷಿನ 177 ಅನಿಯಮಿತ ಕ್ರಿಯಾಪದಗಳನ್ನು ಹಿಡಿದು ನೋಡಿದರೆ, ಮಧ್ಯಕಾಲದ ಇಂಗ್ಲಿಷಿನಲ್ಲಿ ಅನಿಯಮಿತವಾಗಿ ಉಳಿದವು 145, ಇವತ್ತಿಗೆ 98. ಬಳಕೆ ನೂರು ಪಟ್ಟು ಕಡಿಮೆಯಾದರೆ ರೂಪ ಹತ್ತು ಪಟ್ಟು ಬೇಗ ನಿಯಮಕ್ಕೆ ಶರಣಾಗುತ್ತದೆ. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ಹತ್ತು ಕ್ರಿಯಾಪದಗಳೂ ಅನಿಯಮಿತವೇ. ಬಾಯಿಂದ ಬಾಯಿಗೆ ದಿನವೂ ಹೋದದ್ದು ಸವೆಯದೆ ಉಳಿದಿದೆ. ಗೂಗಲ್, ವಾಟ್ಸಾಪ್‌ನಂತೆ ಹೊಸದಾಗಿ ಹುಟ್ಟಿದ ಕ್ರಿಯಾಪದಗಳು ಮಾತ್ರ ಹುಟ್ಟಿನಿಂದಲೇ ಇಡಿ ಹಚ್ಚಿಕೊಂಡು ಬರುತ್ತವೆ.

ವೈಟ್‌ಫೀಲ್ಡ್ ಈ ರೂಪಗಳನ್ನು ಹಿಂದೆಯೂ ಕೇಳಿದೆ. 1882ರಲ್ಲಿ ಚಾಮರಾಜ ಒಡೆಯರು 3,900 ಎಕರೆ ಭೂಮಿಯನ್ನು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಜನರ ನೆಲೆಗಾಗಿ ಕೊಟ್ಟರು. ಅವರ ಸಂಘವನ್ನು ಕಟ್ಟಿದ ಡೇವಿಡ್ ಇಮ್ಯಾನ್ಯುಯಲ್ ಸ್ಟಾರ್ಕನ್‌ಬರ್ಗ್ ವೈಟ್ ಅವರ ಹೆಸರೇ ಊರಿಗೆ ನಿಂತಿತು. ಇನ್ನರ್ ಸರ್ಕಲ್ಲಿನ ಹೆಂಚಿನ ಮನೆಗಳಲ್ಲಿ ಬೆಳೆದ ಮಕ್ಕಳಿಗೆ ಇಂಗ್ಲಿಷ್ ತಾಯಿಯ ಮಾತು. ಗಾನ್, ಸೀನ್, ಈಟನ್ ಅವರಿಗೆ ಊಟದ ತಟ್ಟೆಯ ಮುಂದೆ ಬಂದವು, ಕೋಷ್ಟಕದಿಂದ ಬರಲಿಲ್ಲ. ಸುತ್ತಲಿನ ನಲ್ಲೂರಹಳ್ಳಿ, ಇಮ್ಮಡಿಹಳ್ಳಿ, ಕಾಡುಗೋಡಿಯ ಮಕ್ಕಳಿಗೆ ಬಂದ, ಹೋದ, ತಿಂದ ಬಂದದ್ದೂ ಹಾಗೆಯೇ. ಇವತ್ತು ಆ ಹಳ್ಳಿಗಳ ಮೊಮ್ಮಕ್ಕಳು ಅದೇ ನೆಲದ ಮೇಲಿನ ಗಾಜಿನ ಕಟ್ಟಡಗಳಲ್ಲಿ ಕೂತು ಅಮೆರಿಕದವರ ಜೊತೆ ಫೋನಿನಲ್ಲಿ ಮಾತಾಡುತ್ತಾರೆ. ಅಲ್ಲಿನವರು 'ಗಾಟನ್' ಎಂದಾಗ ಇವರಿಗೆ ಗೊಂದಲ, ಯಾಕೆಂದರೆ ನಾವು ಶಾಲೆಯಲ್ಲಿ ಕಲಿಸಿದ್ದು ಗೆಟ್, ಗಾಟ್, ಗಾಟ್. ಗಾಟನ್ ಹಳೆಯದು, ಬ್ರಿಟನ್ನಿನಲ್ಲಿ ಬಿಟ್ಟುಹೋದದ್ದು, ಹಡಗು ಹತ್ತಿ ಅಮೆರಿಕಕ್ಕೆ ಹೋದವರ ಬಾಯಲ್ಲಿ ಉಳಿದದ್ದು. ಎರಡೂ ಸರಿ ಎಂದು ಹೇಳಿದ ದಿನ ತರಗತಿಯಲ್ಲಿ ಒಂದು ನಿರಾಳ ಕಂಡೆ. ಇಂಗ್ಲಿಷಿಗೂ ಒಂದೇ ಮನೆಯಿಲ್ಲ ಎಂದು ತಿಳಿದದ್ದೇ ಅವರಿಗೆ ಧೈರ್ಯ ಕೊಟ್ಟಿತ್ತು.

ಹೊರಗಿನಿಂದ ಬಂದು ನಮ್ಮ ರೂಪಗಳ ಜೊತೆ ಗುದ್ದಾಡಿದವರೂ ಇದ್ದಾರೆ. ಜರ್ಮನಿಯ ಪಾದ್ರಿ ಫರ್ಡಿನಾಂಡ್ ಕಿಟ್ಟೆಲ್ 1853ರಲ್ಲಿ ಇಲ್ಲಿಗೆ ಬಂದಾಗ ಕನ್ನಡ ಅವರಿಗೆ ತೀರ ಹೊಸದು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿದರು, 1894ರಲ್ಲಿ ನಿಘಂಟು ತಂದರು, 1903ರಲ್ಲಿ ವ್ಯಾಕರಣ. ಜರ್ಮನ್ ಕೂಡ ಬಲಿಷ್ಠ ಕ್ರಿಯಾಪದಗಳ ಭಾಷೆ. ತಮ್ಮ ಮಾತಿನಲ್ಲೇ ಸ್ವರ ಪಲ್ಲಟವಾಗುವುದನ್ನು ಕಂಡವರಿಗೆ ನಗು ಎನ್ನುವುದು ನಕ್ಕ ಆಗುವುದು, ಸಾಯು ಎನ್ನುವುದು ಸತ್ತ ಆಗುವುದು ವಿಚಿತ್ರವೆನಿಸಿರಲಾರದು ಎಂದು ನಾನು ಊಹಿಸಿಕೊಳ್ಳುತ್ತೇನೆ. ಕೇಶಿರಾಜ ಹದಿಮೂರನೇ ಶತಮಾನದಲ್ಲೇ ಧಾತುಗಳಿಗಾಗಿ ಒಂದು ಪ್ರಕರಣವನ್ನು ಮೀಸಲಿಟ್ಟಿದ್ದ. ಧಾತುವಿನ ನಡೆಯನ್ನು ಗಮನವಿಟ್ಟು ನೋಡುವ ಅಭ್ಯಾಸ ಕನ್ನಡಕ್ಕೆ ಅಷ್ಟು ಹಳೆಯದು.

ನಮ್ಮ ಇಂಗ್ಲಿಷ್ ಪುಸ್ತಕಗಳ ಕೊನೆಯ ಪುಟದ ಕೋಷ್ಟಕ ಮಾತ್ರ ಇದಾವುದನ್ನೂ ಬಳಸಿಕೊಂಡಿಲ್ಲ. ಅಕ್ಷರಾನುಕ್ರಮದಲ್ಲಿ ಅದು ಅಬೈಡ್, ಅಬೋಡ್, ಅಬೋಡ್ ಎಂದು ಶುರುವಾಗುತ್ತದೆ. ಆ ಮೇಲೆ ಅರೈಸ್, ಅವೇಕ್. ಇಡೀ ಜನ್ಮದಲ್ಲಿ ಅಬೋಡ್ ಎಂದು ಹೇಳುವ ಸಂದರ್ಭ ಯಾವ ಮಗುವಿಗೂ ಬರುವುದಿಲ್ಲ. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007ರವರೆಗೆ ಇಂಗ್ಲಿಷ್ ಶುರುವಾಗುತ್ತಿದ್ದದ್ದು ಐದನೇ ತರಗತಿಯಲ್ಲಿ. ಆ ಪೀಳಿಗೆಯ ಮಕ್ಕಳ ಕೈಯಲ್ಲಿ ಇದ್ದ ಸಮಯವೇ ಕಡಿಮೆ. ಅದರ ಒಂದು ಪಾಲು ಅಬೈಡಿಗೆ ಹೋಯಿತು. ಗೋ ಬರುವ ಹೊತ್ತಿಗೆ ಪೀರಿಯಡ್ಡಿನ ಗಂಟೆ ಹೊಡೆದಿರುತ್ತಿತ್ತು.

ಈಗ ಭಾನುವಾರದವರ ಜೊತೆ ಸೇರಿ ಬೇರೆ ಒಂದು ಪುಟ ಮಾಡುತ್ತಿದ್ದೇವೆ. ಅಕ್ಷರದ ಕ್ರಮ ಬೇಡ, ಬಳಕೆಯ ಕ್ರಮ ಸಾಕು ಎಂದು ತೀರ್ಮಾನವಾಗಿದೆ. ಮೊದಲು ಗೋ, ಕಮ್, ಡೂ, ಸೆಂಡ್, ಟೇಕ್, ಗಿವ್, ಸೀ, ರೈಟ್, ಬ್ರೇಕ್, ಫರ್ಗೆಟ್. ಪ್ರತಿಯೊಂದರ ಎದುರಿಗೆ ಕನ್ನಡದ ಧಾತು, ಅದರ ಮೂರೂ ರೂಪ. ಕೊನೆಯ ಅಂಕಣದಲ್ಲಿ ಮೂರನೇ ರೂಪವನ್ನು ಹೊತ್ತ ಒಂದು ಪರಿಚಿತ ಹೆಸರು: ರೈಟ್‌ಗೆ ರಿಟನ್ ಟೆಸ್ಟ್, ಸೀಗೆ ಲಾಸ್ಟ್ ಸೀನ್. ಉದಾಹರಣೆ ವಾಕ್ಯಗಳಲ್ಲಿ ಮಾವಿನಹಣ್ಣು ತಿಂದ ರಾಮ ಬೇಡ ಎಂದವಳು ಸರ್ವರಿನ ಹುಡುಗಿ. ಅವಳು ಬರೆದುಕೊಟ್ಟ ಮೊದಲ ವಾಕ್ಯ ಬಿಲ್ಡಿನದು. ಗೇಟಿನ ಸೆಕ್ಯುರಿಟಿಯವರು ತಮ್ಮ ಎರಡು ವಾಕ್ಯ ಮೊದಲು ಇರಲಿ ಎಂದು ಪಟ್ಟು ಹಿಡಿದರು: 'ಸರ್ ಹ್ಯಾಸ್ ಗಾನ್ ಔಟ್', 'ಪಾರ್ಸಲ್ ಹ್ಯಾಸ್ ಕಮ್'. ಮೊದಲನೆಯದು ಅವರಿಗೆ ಒಪ್ಪಿಗೆಯಾಗಿದೆ. ಎರಡನೆಯದರ ಬಗ್ಗೆ ಅನುಮಾನ. ಬಂದದ್ದು ಆಗಿಹೋಗಿದೆ, ಕೇಮ್ ಎನ್ನದೆ ಬರಿಯ ಕಮ್ ಎಂದರೆ ಇನ್ನೂ ಬರಬೇಕು ಎಂದಂತಾಗುವುದಿಲ್ಲವೇ ಎಂದು ಅವರ ಪ್ರಶ್ನೆ. ಒಳ್ಳೆಯ ಪ್ರಶ್ನೆ. ಬರು ಎನ್ನುವುದನ್ನು ತೋರಿಸಿದರೆ ಉತ್ತರ ಸಿಗುವುದಿಲ್ಲ, ಯಾಕೆಂದರೆ ಬಂದ, ಬಂದು ಒಂದೇ ಬಗೆ. ಹೋಗುವಿನ ದಾರಿ ಹಿಡಿಯುವ ಆ ಎರಡನೇ ಧಾತು ಆಗ ನೆರವಿಗೆ ಬಂತು. ಬೋರ್ಡಿನ ಮೇಲೆ ಆಗು, ಆದ, ಆಗಿ ಎಂದು ಬರೆದೆ. ಅದರ ಕೆಳಗೆ ಅದೇ ಅರ್ಥದ ಬಿಕಮ್, ಬಿಕೇಮ್, ಬಿಕಮ್. ಅದರ ಕೆಳಗೆ ಕಮ್, ಕೇಮ್, ಕಮ್. ಅವರು ಮೂರು ಸಾಲನ್ನೂ ಮೇಲಿನಿಂದ ಕೆಳಗೆ ಓದಿಕೊಂಡು, 'ಆದಿದೆ ಅನ್ನಲ್ಲ, ಆಗಿದೆ ಅಂತೀವಿ' ಎಂದರು. ಆಮೇಲೆ ರನ್ ಕೂಡ ಇದೇ ಸಾಲಿಗೆ ಸೇರುತ್ತದೆಯೇ ಎಂದು ಕೇಳಿದರು. ಸೇರುತ್ತದೆ ಎಂದೆ. ತಾವೇ ಎದ್ದು ಬಂದು ಬರೆದರು.